ಕೇಬಲ್ ತೆಗೆದರೆ ಮೂಕ

ಜೂನ್ 9, ಸೋಮವಾರ

ಬಸ್ಸಿನಲ್ಲಿ ಸೀಟು ಸಿಕ್ಕಿತು. ಇವತ್ತಿಗೆ ಅದೊಂದೇ ಒಳ್ಳೆಯ ಸುದ್ದಿ. ದೊಡ್ಡಬಳ್ಳಾಪುರ ದಾಟುವ ಮೊದಲೇ ತೂಕಡಿಸಿ ಪಕ್ಕದ ಹೆಂಗಸಿನ ಹೆಗಲ ಮೇಲೆ ಬಿದ್ದೆ. ಪಾಪ, ಏನೂ ಅನ್ನಲಿಲ್ಲ.

ದೇವನಹಳ್ಳಿ ಆಫೀಸು. ಮೇಜಿನ ಮೇಲೆ ಮುನಿಶಾಮಪ್ಪನವರ ಮಾತಾಡುವ ಡಬ್ಬಿ — ಮತ್ತೆ ವಾಪಸ್. "ಆನ್ ಆಯ್ತದೆ, ಮಾತಾಡಲ್ಲ" ಅಂತ ಅವರ ಹೆಂಡತಿ ಅನುಸೂಯಮ್ಮ ಫೋನಿನಲ್ಲಿ ಹೇಳಿದರು. ಲ್ಯಾಪ್‌ಟಾಪಿನ ಕೇಬಲ್ ಚುಚ್ಚಿದೆ, ಆನ್ ಮಾಡಿದೆ, ಲೋಟದ ಚಿತ್ರ ಒತ್ತಿದೆ. "ಕಾಫಿ ಕೊಡೇ!" — ಇಡೀ ಆಫೀಸು ತಿರುಗಿ ನೋಡುವಂತೆ ಕೂಗಿತು. ಇಲ್ಲಿ ಯಾವ ತೊಂದರೆಯೂ ಇಲ್ಲ. ತೊಂದರೆಯೇ ಅದು.

ದನಿ ಮುನಿಶಾಮಪ್ಪನವರದೇ. ಜನವರಿಯಲ್ಲಿ, ಕ್ಯಾನ್ಸರ್ ಅಂತ ಗಂಟಲಿನ ಧ್ವನಿಪೆಟ್ಟಿಗೆ ತೆಗೆಯುವ ಮೊದಲು, ನಾನೇ ರೆಕಾರ್ಡ್ ಮಾಡಿದ್ದು. ಆಯಸ್ಸೆಲ್ಲ ಮಗ್ಗದ ಶೆಡ್ಡಿನಲ್ಲಿ ಕಳೆದವರು. ಆ ಸದ್ದಿನ ಮೇಲೆ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಓದುಬರಹ ಇಲ್ಲ. ಹಾಗಾಗಿ ಸ್ಕ್ರೀನ್ ತುಂಬ ಚಿತ್ರಗಳು — ಲೋಟ, ಮನೆ, ಆಸ್ಪತ್ರೆ, ಹೌದು, ಬೇಡ... ಒತ್ತಿದರೆ ಅವರ ಮಾತು ಬರಬೇಕು.

ನಮ್ಮ ಟೀಮ್ ಲೀಡ್ ಸುನಿಲ್‌ಕುಮಾರ್ ಇಣುಕಿದ. "ಅವ್ರಿಗೆ ಒತ್ತೋಕ್ ಬರ್ತಿಲ್ಲ ಅಷ್ಟೆ ಮೆಹ್ನಾಜ್. ಯೂಸರ್ ಎರರ್ ಅಂತ ಹಾಕಿ ಕ್ಲೋಸ್ ಮಾಡು."

ಮಾಡಲಿಲ್ಲ.

ಜೂನ್ 11, ಬುಧವಾರ, ಸಂಜೆ

ಡಬ್ಬಿ ಹಿಡಿದುಕೊಂಡು ಮುನಿಶಾಮಪ್ಪನವರ ಊರು ರಾಜಘಟ್ಟಕ್ಕೆ ನಾನೇ ಹೋದೆ. ಅವರ ಮನೆಯಲ್ಲಿ ಆನ್ ಮಾಡಿದೆ. ಚಿತ್ರಗಳು ಬಂದವು. ಒತ್ತಿದೆ. ಸದ್ದಿಲ್ಲ. ಮೊನ್ನೆ ಆಫೀಸಿನಲ್ಲಿ ಕಿರುಚಿದ್ದ ಡಬ್ಬಿ ಇದೇ!

ಗಂಟಲಿನ ಗಂಟು ಮತ್ತೆ ಬಂದಿದೆಯಂತೆ. ಡಾಕ್ಟರು ಇನ್ನೊಂದು ಆಪರೇಷನ್ ಎನ್ನುತ್ತಿದ್ದಾರೆ. ಹದಿನೆಂಟಕ್ಕೆ ಹೋಗಿ ಹೂಂ ಅಥವಾ ಇಲ್ಲ ಹೇಳಬೇಕು.

"ಒಪ್ಕೊಂಡವ್ರೆ ಮೆಹ್ನಾಜಮ್ಮ," ಎಂದರು ಅನುಸೂಯಮ್ಮ.

ಮುನಿಶಾಮಪ್ಪ ಜೋರಾಗಿ ಅಡ್ಡಡ್ಡ ತಲೆಯಾಡಿಸಿದರು.

"ನೋಡಿ, ಹಿಂಗೇ. ಸೂಜಿ ಅಂದ್ರೆ ಮೊದ್ಲಿಂದ್ಲೂ ಭಯ. ಮಗು ತರ ಹಠ."

ಅವರು ಕೈ ಬೀಸಿದರು. "ಸೆಕೆ ಅಂತವ್ರೆ," ಎಂದು ಆಕೆ ಫ್ಯಾನ್ ಹಾಕಿದರು. ಆಗ ಅವರು ನನ್ನ ಕಡೆ ತಿರುಗಿ ಡಬ್ಬಿ ಒತ್ತತೊಡಗಿದರು. ಒಂದೇ ಚಿತ್ರ, ಮತ್ತೆ ಮತ್ತೆ.

"ಬೇಡ ಅಂತಿದ್ದಾರೆ ಅನ್ಸತ್ತೆ," ಎಂದೆ.

"ನಿಮ್ ಡಬ್ಬಿನೇ ಕೆಟ್ಟೋಗದೆ. ಅದೇನ್ ಹೇಳ್ತದೆ ಬಿಡಿ."

ಆಕೆ ಕೆಟ್ಟವರಲ್ಲ. ಗಂಡ ಉಳಿಯಲಿ ಅನ್ನುವುದು ತಪ್ಪೇ? ಆದರೂ ಮಾತು ಮುನಿಶಾಮಪ್ಪನವರದು. ಅದನ್ನು ಅವರೇ ಆಡಬೇಕು.

ಜೂನ್ 13, ಶುಕ್ರವಾರ

ಸಿಕ್ಕಿತು. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದು.

ಬೇರೆ ಬೋರ್ಡಿಗೆ ಬೇಕಿತ್ತೆಂದು ಡಬ್ಬಿಯ ಕೇಬಲ್ ಕಿತ್ತೆ. ಹಾಗೇ ಆರಿಸಿ ಆನ್ ಮಾಡಿದೆ — ಮೂಕ. ಕೇಬಲ್ ಚುಚ್ಚಿ ಆನ್ ಮಾಡಿದೆ — ಕೂಗಿತು. ಕಿತ್ತೆ — ಮೂಕ.

ಡಬ್ಬಿ ಬೂಟ್ ಆಗುವಾಗ ಅದರ ಮೂಲ ಸಾಫ್ಟ್‌ವೇರ್, ಅಂದರೆ ಕರ್ನಲ್, ಒಂದು ಸುತ್ತು ಬಂದು, ಯಾರೂ ಬೇಕು ಎನ್ನದ ಕಡೆಯೆಲ್ಲ ಪವರ್ ಆರಿಸುತ್ತದೆ. ಮನೆಯ ಹಿರಿಯರು ಖಾಲಿ ರೂಮಿನ ಲೈಟ್ ಆರಿಸುವ ಹಾಗೆ. ಸ್ಪೀಕರ್ ಚಿಪ್ಪನ್ನು ನಡೆಸುವ ಕೋಡು, ಅಂದರೆ ಅದರ ಡ್ರೈವರ್, ಶುರುವಾಗುವಾಗ ಮೊದಲು 'ಪವರ್ ಬೇಕು' ಎಂದು ಕೇಳಬೇಕು, ಆಮೇಲೆ ಚಿಪ್ ಮುಟ್ಟಬೇಕು. ನಮ್ಮದು ಕೇಳುವುದೇ ಇಲ್ಲ. ನೇರ ಹೋಗಿ ಮುಟ್ಟುತ್ತದೆ. ಕೇಬಲ್ ಇದ್ದರೆ ಕೇಬಲಿನ ಡ್ರೈವರ್ ಅದೇ ಲೈನಿನ ಪವರ್ ಕೇಳಿ ಹಿಡಿದಿಟ್ಟಿರುತ್ತದೆ. ಅದರ ಪುಣ್ಯದಲ್ಲಿ ನಮ್ಮದೂ ನಡೆದುಹೋಗುತ್ತದೆ.

ಕೇಬಲ್ ಇಲ್ಲದೆ ಲಾಗ್, ಅಂದರೆ ಡಬ್ಬಿಯೊಳಗೆ ಏನಾಗುತ್ತಿದೆ ಎಂಬ ವರದಿ, ಕಾಣುವುದಿಲ್ಲ. ಆದ್ದರಿಂದ ಕೇಬಲ್ ಇಲ್ಲದೆ ನಾವು ಯಾರೂ ಟೆಸ್ಟ್ ಮಾಡಿದ್ದೇ ಇಲ್ಲ. ಇಡೀ ಟೀಮು. ದೀಪದ ಬುಡದಲ್ಲೇ ಕತ್ತಲು.

ಜೂನ್ 16, ಸೋಮವಾರ

ಸುನಿಲ್: "ಆ ಲೈನಿನ ಪವರ್ ಆರಿಸ್ಲೇ ಬೇಡ ಅಂತ ಹೇಳ್ಬಿಡು ಗುರು. ಒಂದ್ ಲೈನ್ ಕೋಡು. ಹದಿನೆಂಟಕ್ಕೆ ಮಾತಾಡ್ಬೇಕು ತಾನೆ?"

"ಬ್ಯಾಟರಿ?"

"ಚಾರ್ಜ್ ಹಾಕ್ಕೋತಾರೆ ಬಿಡು."

ಸರಿಯಾದ ದಾರಿ ಗೊತ್ತು. ಶುರುವಾಗುವಾಗ ಕೇಳು, ಕೆಲಸ ಮುಗಿದರೆ ಬಿಡು, ನಡುವೆ ಎಡವಿದರೂ ಬಿಟ್ಟೇ ಹಿಂದಿರುಗು. ಒಂದು ಕಡೆ ಬಿಡಲು ಮರೆತರೂ ಚಿಪ್ ಮಲಗುವುದೇ ಇಲ್ಲ. ಅದೆಲ್ಲ ನೋಡಲು ವಾರ ಬೇಕು.

ಸುಸ್ತಾಗಿತ್ತು. ಆ ಒಂದು ಲೈನ್ ಬರೆದೆ.

ಜೂನ್ 18, ಬುಧವಾರ

ಬೆಳಿಗ್ಗೆ ದೊಡ್ಡಬಳ್ಳಾಪುರ ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿ ಕೊಟ್ಟೆ. ಅವರಿಬ್ಬರೂ ಬೆಂಗಳೂರಿನ ಬಸ್ಸಿಗೆ ನಿಂತಿದ್ದರು. "ಡಾಕ್ಟ್ರ ಮುಂದೇನೇ ಒತ್ತಿ, ಬ್ಯಾಟರಿ ಉಳಿಸಿ," ಎಂದೆ. ಎಂಥ ಬುದ್ಧಿವಂತೆ. ಒತ್ತಲಿ ಬಿಡಲಿ, ಅದು ಕುಡಿಯುತ್ತಲೇ ಇರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸಂಜೆ ಅನುಸೂಯಮ್ಮನ ಫೋನ್. ಕ್ಯೂನಲ್ಲಿ ಕೂತು ಕೂತು, ಒಳಗೆ ಕರೆದಾಗ ಮಧ್ಯಾಹ್ನ ದಾಟಿತ್ತು. ಡಾಕ್ಟರು ಅವರನ್ನೇ ಕೇಳಿದರಂತೆ, "ಏನ್ ಹೇಳ್ತೀರಾ?" ಅವರು ಡಬ್ಬಿ ಎತ್ತಿ ಹಿಡಿದರಂತೆ. ಸ್ಕ್ರೀನ್ ಕಪ್ಪು.

"ನಾನೇ ಹೂಂ ಅಂದ್ಬಿಟ್ಟೆ ಕಣಮ್ಮ. ಮೂವತ್ತಕ್ಕೆ ಅಡ್ಮಿಟ್ಟು. ಮನೆಗ್ ಬಂದ್ಮೇಲೆ ಊಟಾನೇ ಮಾಡಿಲ್ಲ ಇವ್ರು. ಗೋಡೆ ಕಡೆ ತಿರುಗ್ ಮಲ್ಗವ್ರೆ."

ನಾಚಿಕೆಯಾಯಿತು. ಸುನಿಲ್ ಮೇಲೆ ಕೋಪ ಮಾಡಿಕೊಳ್ಳುವಷ್ಟು ಶಕ್ತಿಯೂ ಇಲ್ಲ. ಬರೆದವಳು ನಾನೇ ಅಲ್ಲವೇ.

ಜೂನ್ 27, ಶುಕ್ರವಾರ

ಆಯಿತು. ವಾಪಸ್ ತರಿಸಿಕೊಂಡ ಡಬ್ಬಿಯಲ್ಲಿ ಈಗ ಡ್ರೈವರ್ ಪವರ್ ಕೇಳುತ್ತದೆ, ಚಿಪ್ ಮುಟ್ಟುತ್ತದೆ, ಬಿಡುತ್ತದೆ. ಚಿಪ್ ಸಿಗದಿದ್ದರೂ ಬಿಡುತ್ತದೆ. ಕೇಬಲನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಟೆಸ್ಟ್ ಮಾಡಿದೆ. ಬೆಳಿಗ್ಗೆ ಆನ್ ಮಾಡಿದ್ದು ಸಂಜೆಗೂ ಅರ್ಧ ಬ್ಯಾಟರಿ ಉಳಿದಿದೆ.

ಸುನಿಲ್ ತಿದ್ದಿದ ಕೋಡು ನೋಡಿ, "ಇಷ್ಟಕ್ಕೆ ಇಷ್ಟ್ ದಿನಾನಾ?" ಎಂದ. ಹೌದಪ್ಪಾ, ಇಷ್ಟಕ್ಕೇ.

ಜೂನ್ 29, ಭಾನುವಾರ — ರಾಜಘಟ್ಟ ಬಸ್ ಸ್ಟಾಪ್

ನಾಳೆ ಅಡ್ಮಿಷನ್. ನಾನು ಹೋದಾಗ ಅನುಸೂಯಮ್ಮ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ಮುನಿಶಾಮಪ್ಪ ಡಬ್ಬಿ ತೆಗೆದುಕೊಳ್ಳಲೇ ಇಲ್ಲ. ಬಹಳ ಹೊತ್ತು. ಆಮೇಲೆ ನನ್ನ ಮೇಲಿನ ದಾಕ್ಷಿಣ್ಯಕ್ಕೋ ಏನೋ, ಒಂದು ಬೆರಳಿಟ್ಟರು.

"ಆಸ್ಪತ್ರೆ." ತಡೆದು, "ಬೇಡ."

ಅನುಸೂಯಮ್ಮನ ಕೈ ಅಲ್ಲೇ ನಿಂತಿತು. ಐದು ತಿಂಗಳ ಮೇಲೆ ಆ ದನಿ. ಗೋಡೆ ಹಿಡಿದು ಕೂತುಬಿಟ್ಟರು. ಅಳು, ನಗು ಎರಡೂ ಒಟ್ಟಿಗೆ.

"ಅಯ್ಯೋ... ಇನ್ನೊಂದ್ ಸಲ ಮಾತಾಡ್ರೀ."

"ಬೇಡ."

"ಇನ್ನೊಂದ್ ಸಲ."

"ಬೇಡ."

ಆಕೆ ಕೇಳುತ್ತಲೇ ಹೋದರು, ಅವರು ಹೇಳುತ್ತಲೇ ಹೋದರು. ಬರೀ ದನಿ ಕೇಳುತ್ತಿದ್ದವರಿಗೆ ಯಾವಾಗಲೋ ಮಾತು ಕೇಳಿಸಿತು. ಸೆರಗಿನಿಂದ ಮುಖ ಒರೆಸಿಕೊಂಡು ಗಂಡನನ್ನೇ ನೋಡಿದರು. "ನಿಜವಾಗ್ಲೂನಾ?"

"ಹೌದು." ಆಮೇಲೆ, "ಮನೆ."

ಆಕೆ ಎದ್ದು ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಬಸ್ ಇಲ್ಲ. ಸುನಿಲ್ ಮೆಸೇಜ್ ಬಂದಿದೆ: "ಮಾತಾಡ್ತಾ?"

ಮಾತಾಡ್ತು ಎಂದು ಹಾಕಬೇಕು. ಸಂತೋಷವಾಗಬೇಕಿತ್ತು, ಆಗುತ್ತಿಲ್ಲ. ಏನು ಹೇಳಿತು ಎಂದು ಅವನು ಕೇಳಿದರೆ —