ಹಸಿರು ತಿಂಡಿ ಪೊಟ್ಟಣ

ಮಾರ್ಚ್ 14, ಶುಕ್ರವಾರ. ತೈಪೆ.

ಸು-ಚಿನ್ ಅಕ್ಕನ ಮುಖ ಕಣ್ಣೆದುರಿನಿಂದ ಸರಿಯುತ್ತಿಲ್ಲ. ನಮ್ಮ ಆ್ಯಪ್‌ನ ಪ್ರತಿ ಪರದೆಯ ಚಿತ್ರವನ್ನೂ ಫೋನಿಗೊಂದು, ಭಾಷೆಗೊಂದರಂತೆ ಆರು ವರ್ಷ ಕೈಯಾರೆ ತೆಗೆದವಳು ಅವಳು.

ಅದನ್ನೇ ತಾನಾಗಿ ತೆಗೆಯಲು ನಾನು ಬರೆದ ಪ್ರೋಗ್ರಾಂ ಇವತ್ತೂ ಅರ್ಧಕ್ಕೆ ನಿಂತಿತು. ಯಂತ್ರ ಮಾತು ಕೇಳಲೆಂದು ಇಲ್ಲಿನವರ ವಾಡಿಕೆಯಂತೆ ಕಂಪ್ಯೂಟರಿನ ಮೇಲಿಟ್ಟಿದ್ದ ಹಸಿರು ತಿಂಡಿ ಪೊಟ್ಟಣವನ್ನು ಅಕ್ಕ ತಿರುಗಿಸಿ ನೋಡಿದಳು.

“ಅಯ್ಯೋ ಪುಣ್ಯಾತ್ಮ, ಇದ್ರ ಡೇಟು ಹೋದ ತಿಂಗಳೇ ಮುಗ್ದಿದ್ಯಲ್ಲೋ! ಮುನಿಸ್ಕೊಳ್ದೆ ಇನ್ನೇನ್ ಮಾಡತ್ತೆ?”

ಓಡಿಹೋಗಿ ಹೊಸದು ತಂದಿಟ್ಟು ಕೈಮುಗಿದಳು. ಈ ಸಲ ಪ್ರೋಗ್ರಾಂ ನಲವತ್ತೇ ನಿಮಿಷದಲ್ಲಿ ಕೆಲಸ ಮುಗಿಸಿತು. ಹನ್ನೊಂದು ಫೋನು, ಹತ್ತೊಂಬತ್ತು ಭಾಷೆ, ಒಂದೂ ತಪ್ಪಿಲ್ಲ. ಅವಳೇ ಮೊದಲು ಚಪ್ಪಾಳೆ ತಟ್ಟಿದಳು.

ಪ್ರೋಗ್ರಾಂ ಓಡಿದರೆ ಸೋಮವಾರದಿಂದ ಅವಳು ಬೇಡ ಎಂದು ಮ್ಯಾನೇಜರ್ ಬೆಳಿಗ್ಗೆಯೇ ನನಗೆ ಹೇಳಿದ್ದ.

ಅವಳು ಕೈಮುಗಿದಾಗಲಾದರೂ ಬಾಯಿ ಬಿಡಬಹುದಿತ್ತು. ಪಕ್ಕದಲ್ಲಿ ನಿಂತು ನಾನೂ ಕೈಮುಗಿದೆ.