ಅಣ್ಣ ಕೊಂಡ ಲಾರಿ

೧೪ ಅಕ್ಟೋಬರ್ ೧೯೫೬, ಯಾದಗಿರಿ

ಮೂರನೇ ನಂಬರಿನ ಬಸ್ಸು ಮತ್ತೆ ಬಿಚ್ಚಿದ್ದಾಯಿತು. ಇಂಜೆಕ್ಟರ್ ತೊಳೆದು ಹಾಕಿದೆ. ಉಗುರಿನ ಸಂದಿಯ ಕರಿ ಸಾಬೂನಿಗೂ ಬಗ್ಗುವುದಿಲ್ಲ.

ಮಧ್ಯಾಹ್ನ ಹುಲಗಪ್ಪಣ್ಣ ಡಿಪೋಕ್ಕೆ ಬಂದ. ಕೆಂಭಾವಿ ಹತ್ತಿರದ ನಮ್ಮ ಊರಿಂದ, ಹೇಳದೆ ಕೇಳದೆ. ಕುರಿ ಮಾರಿಬಿಟ್ಟಿದ್ದಾನೆ. ಹಿಂಡು ಪೂರಾ. ಅವನ ಹೆಂಡತಿ ಭೀಮವ್ವ ವೈನಿಗೆ ತವರಿನಿಂದ ಬಂದ ಕುರಿಗಳನ್ನೂ ಬಿಟ್ಟಿಲ್ಲ. ಡೀಸೆಲ್ ಲಾರಿ ಕೊಳ್ಳುತ್ತಾನಂತೆ — ಊರ ಕಡೆಯ ಶೇಂಗಾ ಯಾದಗಿರಿ ರೈಲಿಗೆ ಹೊಡೆಯಲು. ಇಲ್ಲಿನ ಹತ್ತಿ ಬಿಡಿಸುವ ಜಿನ್ನಿನ ಮಾಲೀಕ ಬಸವಂತ್ರಾಯರ ಹಳೆಯ ಗಾಡಿ. ನೀನು ಫಿಟ್ಟರ್, ನೋಡಿ ಹೇಳು ಅಂದ.

ಸಿಟ್ಟು ಬಂತು. ಖುಷಿಯೂ ಆಯಿತು, ಸುಳ್ಳೇಕೆ. ಅಣ್ಣ ನನ್ನ ಅಭಿಪ್ರಾಯ ಕೇಳಿದ್ದು ಇದೇ ಮೊದಲು. ಅವ್ವ ಸತ್ತ ಮೇಲೆ ವೈನಿಯೇ ನನ್ನನ್ನು ಬೆಳೆಸಿದ್ದು. ಆಕೆಯ ಕುರಿಯ ಋಣ ನನ್ನ ಮೇಲೂ ಇದೆ.

೧೫ ಅಕ್ಟೋಬರ್, ಸಂಜೆ

ಜಿನ್ನಿನ ಅಂಗಳಕ್ಕೆ ಹೋದೆವು. ನಾವು ಹೋಗುವ ಹೊತ್ತಿಗೆ ಎಂಜಿನ್ ಬಿಸಿಯಾಗಿತ್ತು. ಈಗಷ್ಟೇ ಸ್ಟೇಷನ್ನಿನಿಂದ ಬಂತು ಅಂದರು. ಇರಬಹುದು. ಆದರೆ ಬಿಸಿ ಎಂಜಿನ್ ತನ್ನ ರೋಗವನ್ನೆಲ್ಲ ಮುಚ್ಚಿಡುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ನಾನೇ ಚಾಲೂ ಮಾಡಿ ನೋಡುತ್ತೇನೆ, ವ್ಯವಹಾರದ ಮಾತು ಆಮೇಲೆ ಅಂದೆ. ಬಸವಂತ್ರಾಯರು ತಲೆ ಆಡಿಸಿದರು. ಚಹಾ ತರಿಸಿದರು. ಮರ್ಯಾದೆಯ ಮನುಷ್ಯ.

ಅಣ್ಣ ಲಾರಿಯ ಸುತ್ತ ಒಂದು ಸುತ್ತು ಹಾಕಿದ. ಟಗರಿನ ಬೆನ್ನು ಹಿಚುಕಿ ನೋಡುವಂತೆ ಟೈರು ಹಿಚುಕಿದ. ದೀಪಗಳ ಮುಂದೆ ನಿಂತು, ಕಣ್ಣು ಚೊಲೊ ಅದಾವ ಅಂದ. ನಗು ಬಂತು. ನನಗೆ ಡ್ಯೂಟಿ ಇತ್ತು, ಹೊರಟುಬಂದೆ. ಅವನು ಅಲ್ಲೇ ಉಳಿದ.

೧೬ ಅಕ್ಟೋಬರ್

ಹೊತ್ತು ಮೂಡುವ ಮೊದಲೇ ಹೋದೆ. ಎಂಜಿನ್ ತಣ್ಣಗಿತ್ತು. ಎಷ್ಟೋ ಹೊತ್ತು ಕೆಮ್ಮಿ ಚಾಲೂ ಆಯಿತು. ಮೊದಲು ಬಿಳಿ ಹೊಗೆ, ಆಮೇಲೆ ನೀಲಿ. ನೀಲಿ ನಿಲ್ಲಲೇ ಇಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದೆ — ಕಮ್ಮಾರನ ತಿದಿಯ ಹಾಗೆ ಭುಸುಭುಸು ಗಾಳಿ. ಪಿಸ್ಟನ್ ರಿಂಗು ಸವೆದು ಹೋಗಿವೆ. ಸದ್ದು ಅಡಗಿಸಲು ಅಂಟಿನಂಥ ದಪ್ಪ ಆಯಿಲ್ ತುಂಬಿದ್ದಾರೆ. ರೇಡಿಯೇಟರಿನ ನೀರಿನ ಮೇಲೆ ಎಣ್ಣೆ ತೇಲುತ್ತಿದೆ. ಕೆಳಗೆ ನುಗ್ಗಿ ನೋಡಿದರೆ ಚಾಸಿಯ ಕಬ್ಬಿಣದ ಚೌಕಟ್ಟಿಗೆ ಬೆಸುಗೆ, ಬೆಸುಗೆಯ ಮೇಲೆ ಹೊಸ ಬಣ್ಣ.

ಅಣ್ಣನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಬೇಡ, ಊರಿಗೆ ನಡಿ, ಬೇರೆ ಹುಡುಕೋಣ ಅಂದೆ. ಆಗ ಬಾಯಿ ಬಿಟ್ಟ. ನಿನ್ನೆ ನಾನು ಹೋದ ಮೇಲೆ ಬಸವಂತ್ರಾಯರು ಹೆಗಲ ವಲ್ಲಿ ತೆಗೆದು ಇವನ ಕೈಮೇಲೆ ಹಾಕಿದ್ದಾರೆ. ಕುರಿಸಂತೆಯಲ್ಲಿ ಮಾಡುವ ಹಾಗೆ — ವಲ್ಲಿಯ ಕೆಳಗೆ ಬೆರಳು ಹಿಡಿದು ದರ ಹೇಳುವುದು, ಒಪ್ಪಿಗೆಯಾದರೆ ಒತ್ತುವುದು. ಅಣ್ಣ ಒತ್ತಿದ್ದಾನೆ.

"ವಲ್ಲ್ಯಾಗ ಬೆರಳು ಒತ್ತೀನಿ ತಮ್ಮಾ. ನಮ್ಮಪ್ಪ ಒತ್ತಿದ ಬೆರಳು ಒಮ್ಮಿನೂ ಹಿಂದಕ್ಕ ತಗೊಂಡಿಲ್ಲ."

ಇದೇನು ಟಗರೇ ಅಂತ ಕೂಗಾಡಿದೆ. ಬಸವಂತ್ರಾಯರು ಹತ್ತಿ ವ್ಯಾಪಾರಕ್ಕೆ ಛಾಪಾ ಕಾಗದ ಬಿಟ್ಟು ಬೇರೆ ಮುಟ್ಟುವವರಲ್ಲ. ಎದುರಿಗಿರುವವ ಕುರಿ ಕಾಯ್ದವನು, ಒತ್ತಿದರೆ ಬಿಡಿಸಿಕೊಳ್ಳುವವನಲ್ಲ ಅಂತ ಗೊತ್ತಿದ್ದೇ ವಲ್ಲಿ ಹಾಕಿದ್ದು. ನನ್ನ ಕೂಗು ಕೇಳಿ ಅವರೇ ಬಂದರು. ಅಣ್ಣನ ಹೆಗಲ ಮೇಲೆ ಕೈಯಿಟ್ಟು, "ಹಿರೇ ಮನಷ್ಯಾರು ಅದಾರ ಇವ್ರು, ಮಾತಿನ ಮ್ಯಾಲ ನಿಲ್ಲೋರು" ಅಂದರು. ಅಣ್ಣನ ಎದೆ ಸೆಟೆಯಿತು. ಅಷ್ಟಕ್ಕೇ ಹಿಂಡು ಮಾರಿದ ಹಣವೆಲ್ಲ ಹೋಯಿತು.

೧ ನವೆಂಬರ್

ಇವತ್ತಿನಿಂದ ಹೊಸ ರಾಜ್ಯ. ಡಿಪೋದಲ್ಲಿ ಝಂಡಾ, ಬೂಂದಿ, ಭಾಷಣ. ಉರ್ದು ಬೋರ್ಡಿನ ಮೇಲೆ ಸುಣ್ಣ ಬಳಿದು ಕನ್ನಡ ಬರೆಸಿದ್ದಾರೆ. ಎಲ್ಲರೂ ಅಪ್ಪಿಕೊಂಡರು, ನಾನೂ ಅಪ್ಪಿಕೊಂಡೆ.

ಅದೇ ಹೊತ್ತಿಗೆ ಅಣ್ಣನ ಲಾರಿ ಮೊದಲ ಶೇಂಗಾ ಹೇರಿಕೊಂಡು ಬಂತು. ಹೂವಿನ ಸರ. ಡ್ರೈವರ್ ಪಕ್ಕ ಅಣ್ಣ, ತಲೆಗೆ ಹೊಸ ಪಟಗ. ಹಿಂದೆ ಉದ್ದಕ್ಕೂ ನೀಲಿ ಹೊಗೆ. ಜನ ಚಪ್ಪಾಳೆ ಹೊಡೆದರು.

೧೯ ನವೆಂಬರ್

ಲಾರಿ ಶಹಾಪುರದ ಏರಿನಲ್ಲಿ ಕೆಟ್ಟು ನಿಂತಿತಂತೆ. ಎಂಜಿನ್ ಜಾಮ್. ಮಾಲು ಚಕ್ಕಡಿಗೆ ಹೇರಿಸಿ ಕಳಿಸಿ, ಲಾರಿಯನ್ನು ಎತ್ತು ಕಟ್ಟಿ ಊರಿಗೆ ಎಳೆಸಿದರಂತೆ. ಶಹಾಪುರ ಬಸ್ಸಿನ ಕಂಡಕ್ಟರ್ ಅಂಬಣ್ಣ ಹೇಳಿದ.

ಇದು ಆಗುವುದೇ ಇತ್ತು. ಉರಿದದ್ದು ಮುಂದಿನ ಮಾತಿಗೆ. ಚಹಾದಂಗಡಿಯಲ್ಲಿ ಜನ ಕೇಳಿದ್ದಕ್ಕೆ ಅಣ್ಣ ಅಂದನಂತೆ — "ನಮ್ಮ ತಮ್ಮ ಗುರಪ್ಪನೇ ನೋಡಿ ಪಾಸ್ ಮಾಡ್ಯಾನ. ಅಂವ ಹೂಂ ಅಂದಿದ್ದಕ್ಕ ತಗೊಂಡೀನಿ."

ಅಂಬಣ್ಣ ನನ್ನ ಮುಖ ನೋಡಲಿಲ್ಲ. ನಂಬಿದ್ದಾನೆ. ಡಿಪೋದಲ್ಲಿ ಉಳಿದವರೂ ನಂಬುತ್ತಾರೆ. ಕುರಿಯೂ ಹೋಯಿತು, ಲಾರಿಯೂ ಹೋಯಿತು, ನನ್ನ ಹೆಸರು ಒಂದು ಉಳಿದಿತ್ತು. ಅದನ್ನೂ ಮಾರಿಕೊಂಡ.

೨ ಡಿಸೆಂಬರ್

ಊರಿಗೆ ಹೋಗಿದ್ದೆ. ಜಗಳಕ್ಕೆಂದೇ ಹೋಗಿದ್ದೆ. ದಾರಿಯುದ್ದ ಮಾತು ಜೋಡಿಸಿಕೊಂಡಿದ್ದೆ.

ಲಾರಿ ಬೇವಿನ ಗಿಡದ ಕೆಳಗಿದೆ. ಕೋಳಿಗಳು ಅದರಡಿ ಕೆದಕುತ್ತಿದ್ದವು. ಖಾಲಿ ಕುರಿದೊಡ್ಡಿ ಪಕ್ಕದಲ್ಲೇ. ವೈನಿ ಕಂಬಳಿ ಹಾಸಿ ಕೂಡಿಸಿದಳು. ನೀರು ಕೊಟ್ಟಳು. ಸೊರಗಿದ್ದಾಳೆ. ಅಣ್ಣ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದ. ವೈನಿ ನೇರ ಕೇಳಿದಳು.

"ನೀ ನೋಡಿ ಚೊಲೊ ಅದ ಅಂದಿದ್ದಿ ಅಂತ. ಖರೇನಾ?"

ಅಣ್ಣನ ಬೆನ್ನು ನೋಡಿದೆ. ತಿರುಗಲಿಲ್ಲ. ಉಸಿರು ಬಿಗಿಹಿಡಿದಿದ್ದ. ಮನೆಯಲ್ಲಿ ಅವನಿಗೆ ಇನ್ನು ಉಳಿದಿರುವುದು ವೈನಿಯ ನಂಬಿಕೆ ಒಂದೇ.

"ಹೌದು ವೈನಿ" ಅಂದೆ.

ವೈನಿ ಬೈಯಲಿಲ್ಲ, ಅಳಲಿಲ್ಲ. "ಏಳಪ್ಪ, ಕಂಬಳಿ ಝಾಡಸ್ತೀನಿ" ಅಂದಳು. ಹಾಸಿದ ಕಂಬಳಿಯಿಂದ ಬಂದವರನ್ನು ನಮ್ಮಲ್ಲಿ ಯಾರೂ ಎಬ್ಬಿಸುವುದಿಲ್ಲ. ಎದ್ದೆ. ಮಡಿಚಿ ಒಳಗೆ ಒಯ್ದಳು. ಮತ್ತೆ ಹೊರಗೆ ಬರಲಿಲ್ಲ.

ಬಸ್ಸಿನವರೆಗೆ ಅಣ್ಣ ಹಿಂದೆ ಹಿಂದೆ ಬಂದ. ನಾನು ತಿರುಗಿ ನೋಡದೆ ಬಸ್ಸು ಹತ್ತಿದೆ. ಅವನ ಮೇಲಿನ ಸಿಟ್ಟು ಸಾಯುವತನಕ ಹೋಗಲಿಕ್ಕಿಲ್ಲ.

೫ ಡಿಸೆಂಬರ್

ಅಣ್ಣ ಅಂಬಣ್ಣನ ಕೈಲಿ ಹೇಳಿ ಕಳಿಸಿದ್ದಾನೆ. ಬಂದು ಎಂಜಿನ್ ಬಿಚ್ಚಿ ನೋಡು ಅಂತ. ನಾಚಿಕೆ ಬೇಡವೇ. ಬರುವುದಿಲ್ಲ ಅಂತಲೇ ಹೇಳಿಕಳಿಸಿದೆ.

ಆದರೂ ಸಂಜೆ ಎರಡು ದಿನ ರಜೆ ಬರೆದುಕೊಟ್ಟೆ. ನಟ್ಟು ಬಿಚ್ಚುವ ಪಾನಾಗಳ ಚೀಲ ಬಾಗಿಲ ಬಳಿ ಇದೆ. ಹೊಸ ರಿಂಗು ಸಿಕ್ಕಿದರೆ ಲಾರಿ ಮತ್ತೆ ಓಡೀತು, ವೈನಿಯ ಕುರಿಯ ಋಣವೂ ಒಂದಿಷ್ಟು ತೀರೀತು.