ಏಳರ ಪಕ್ಕದ ಚುಕ್ಕೆ

ಮನೆಯಿಂದ
ಮಾರ್ಚ್ ೯, ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದೀಯ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಇಲ್ಲಿ ಎಲ್ಲರೂ ಸೌಖ್ಯ. ಅಮ್ಮನ ಕಿವಿಯಂತೂ ನನ್ನದಕ್ಕಿಂತ ಚುರುಕು. ಕುಕ್ಕರ್ ಕೂಗುವ ಮೊದಲೇ ಎದ್ದುಹೋಗುತ್ತಾಳೆ. ಆ ಕಿವಿಯ ದೆಸೆಯಿಂದಲೇ ಈ ಕಾಗದ.

ಕಪಾಟು ಖಾಲಿ ಮಾಡುವಾಗ ನಾವಿಬ್ಬರೂ ಸೇರಿ ಬರೆದ ಕೋತಿಯ ಆಟ ಅಚ್ಚಾಗಿದ್ದ ಆ ಹಳೆಯ ಕಂಪ್ಯೂಟರ್ ಪತ್ರಿಕೆ ಸಿಕ್ಕಿತು. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯ ಇನ್ನೂರು ಚಿಲ್ಲರೆ ಸಾಲು. ಅದು ಬಂದ ದಿನ ನಾನು ಮೊದಲ ಸಾಲು ಓದಿ ಮಡಚಿಟ್ಟಿದ್ದೆ: ಆಟಕ್ಕೂ ನಿನ್ನ ಹೆಸರು, ಸಂಗೀತಕ್ಕೂ ನಿನ್ನದೇ. ಕೋತಿಯನ್ನು ಏಣಿ ಹತ್ತಿಸುವುದು ನಿನ್ನ ಕೆಲಸ, ಸದ್ದೆಲ್ಲ ನನ್ನ ಪಾಲು ಎಂದಲ್ಲವೇ ನಮ್ಮ ಮಾತಾಗಿದ್ದದ್ದು? "ಮೂತಿ ಊದಿಸ್ಕೋಬೇಡ ಗುಬ್ಬಿ, ಜಾಗ ಇರ್ಲಿಲ್ಲ" ಎಂದು ನೀನು ಅಂದಿದ್ದೆ. ಮೂವತ್ತೈದು ವರ್ಷ ಆ ಕೋಪವನ್ನು ಸಾಕಿಕೊಂಡು ಬಂದೆ. ಕೋಪಿಸಿಕೊಳ್ಳಬೇಕಾಗಿದ್ದದ್ದು ಬೇರೆಯದಕ್ಕೆ ಎಂದು ಈಗ ಗೊತ್ತಾಯಿತು.

ಕೋತಿ ಏಣಿಯ ತುದಿ ಮುಟ್ಟಿದಾಗ ಒಂಬತ್ತು ಸ್ವರ ಕೇಳುತ್ತಿತ್ತಲ್ಲ, ಅಪ್ಪನ ಸಿಳ್ಳೆ. ಊರವರ ಬೀಗವೆಲ್ಲ ರಿಪೇರಿ ಮಾಡುವ ಅಪ್ಪ ತನ್ನ ಮನೆಯ ಕೀಲಿಯನ್ನು ಮಾತ್ರ ಒಯ್ಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಸಿಳ್ಳೆ ಹಾಕುತ್ತಿದ್ದ. ಅವನು ತೀರಿಹೋದ ಮೇಲೆ ನಾನು ಅದನ್ನು ಅಂಕಿಗಳಲ್ಲಿ ಹುಡುಕತೊಡಗಿದೆ. ಒಂದೊಂದು ಸ್ವರಕ್ಕೆ ಎರಡು ಅಂಕಿ, ಎಷ್ಟು ಹೊತ್ತು, ಎಷ್ಟು ಎತ್ತರ. ಆ ಬಡ ಯಂತ್ರ ಸದ್ದು ಮಾಡುವಾಗ ಬೇರೇನನ್ನೂ ಮಾಡಲಾರದು. ಸ್ವರ ಮುಗಿಯುವವರೆಗೆ ಕೋತಿ ಗಾಳಿಯಲ್ಲಿ ನೇತಾಡುತ್ತಿತ್ತು. ಎಂಟು ಸ್ವರ ಸಲೀಸಾಗಿ ಸಿಕ್ಕವು. ಕೊನೆಯದು ಅಪ್ಪನ ಮುರಿದ ಹಲ್ಲಿನ ಸಂದಿಯಲ್ಲಿ ಜಾರುತ್ತಿದ್ದ ಸ್ವರ. ಏಳು ಹಾಕಿದರೆ ತಗ್ಗು, ಎಂಟು ಹಾಕಿದರೆ ಹೆಚ್ಚು. ಏಳರ ಪಕ್ಕ ದಶಾಂಶದ ಚುಕ್ಕೆಯಿಟ್ಟು ನಾಲ್ಕು ಸಂಜೆ ತಡಕಾಡಿದೆ. ಅದು ಸಿಕ್ಕ ಕ್ಷಣ ಅಮ್ಮ ಒಳಗಿನಿಂದ ಬಂದು ಬಾಗಿಲ ಚಿಲಕ ತೆಗೆದಳು. ಹೊರಗೆ ಯಾರೂ ಇರಲಿಲ್ಲ. ನೀನೂ ಅಲ್ಲೇ ಕೂತಿದ್ದೆ, ನೋಡಿದ್ದೆ.

ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ಒಂದು ತಂತ್ರಾಂಶ ಈಗ ಸಿಗುತ್ತದೆ. ಪತ್ರಿಕೆ ನೋಡಿಕೊಂಡು ಎಲ್ಲ ಸಾಲನ್ನೂ ಟೈಪ್ ಮಾಡಿ ನುಡಿಸಿದೆ. ಅಮ್ಮ ಕೂತಲ್ಲಿಂದಲೇ ನಕ್ಕಳು. "ಯಾರೇ ಅದು, ನಿಮ್ಮಪ್ಪನ ಥರ ಸಿಳ್ಳೆ ಹಾಕ್ತಿರೋದು? ಅವ್ರಿಗೆಲ್ಲಿ ಇಷ್ಟು ಸರಿಯಾಗಿ ಬರ್ತಿತ್ತು!"

ಕೊನೆಯ ಸ್ವರದ ಸಾಲು ತೆಗೆದು ನೋಡಿದೆ. ಏಳು. ಬರೀ ಏಳು. ಅಚ್ಚಿನ ತಪ್ಪಿರಬಹುದೆಂದು ಆಟವನ್ನು ಉಳಿಸಿಟ್ಟಿದ್ದ ನಮ್ಮ ಕ್ಯಾಸೆಟ್ಟನ್ನು ರೇಡಿಯೋ ರಿಪೇರಿಯವರ ಹತ್ತಿರ ಒಯ್ದು ಓದಿಸಿದೆ. ಅದರಲ್ಲೂ ಹಳೆಯದರ ಮೇಲೆ ನೀನು ತಿದ್ದಿದ್ದೇ ಕೂತಿದೆ. "ಸಂಗೀತ ಅಂದ್ಮೇಲೆ ದಶಾಂಶ ಎಲ್ಲಿಂದ ಬಂತೇ? ಓದೋರು ನಗ್ತಾರೆ" ಎಂದು ನೀನು ಒಮ್ಮೆ ಅಂದದ್ದು ನೆನಪಾಯಿತು. ಆಗ ನಾನೂ ನಕ್ಕಿದ್ದೆ.

ಮೂರು ದಿನ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏಳು ಎಂಟರ ನಡುವಿನ ಒಂದೊಂದೇ ಅಂಕಿ ಹಾಕಿ ಕೇಳಿಸಿದೆ. ಇದಲ್ಲ ಅಂದಳು, ಇದೂ ಅಲ್ಲ ಅಂದಳು. ಕೊನೆಗೆ, "ಬಿಡೇ, ಕೇಳಿ ಕೇಳಿ ಈಗ ಎಲ್ಲಾನೂ ಅವ್ರ ಥರಾನೇ ಕೇಳ್ಸುತ್ತೆ" ಎಂದು ಎದ್ದುಹೋದಳು. ನನ್ನ ಕಿವಿಯ ಗತಿಯೂ ಅದೇ. ಹೆಸರು ಹೋದರೆ ಹೋಯಿತು ಅಣ್ಣಾ, ಅದು ನನ್ನದು. ಈ ಸ್ವರ ನನ್ನದೂ ಆಗಿರಲಿಲ್ಲ, ನಿನ್ನದೂ ಆಗಿರಲಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ. ಮಂಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಅಂಕಿಗಳನ್ನೆಲ್ಲ ನಾನು ಚೌಕುಳಿ ಹಾಳೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದೆ. ಮನೆ ಬಿಡುವಾಗ ನೀನು ಅದನ್ನು ಒಯ್ದೆ. ಕೊನೆಯ ಸ್ವರದ ಮೇಲೆ ಪೆನ್ನಿನ ಗೀಟು ಎಳೆದಿರುತ್ತೀಯ. ಬೆಳಕಿಗೆ ಹಿಡಿದು ನೋಡು. ಚುಕ್ಕೆಯ ಮುಂದೆ ಎರಡು ಅಂಕಿ ಇರಬೇಕು. ಅಷ್ಟೇ ಬರೆದು ಕಳಿಸು, ಕ್ಷಮೆ ಗಿಮೆ ಬೇಡ. ಕಾಣದೇ ಹೋದರೆ ಕಾಣಲಿಲ್ಲ ಅನ್ನು. ಊಹೆ ಮಾಡಿ ಒಂದು ತುಂಬಿಸಬೇಡ.